ಗುರಿಯ ಅಭ್ಯಾಸವೂ ತೋಟೆಯ ಲೆಕ್ಕವೂ

ಅಮೆರಿಕೆಯ ಪಿಸ್ತೂಲು ಅಭ್ಯಾಸಿಗಳು ಸಾವಿರ ತೋಟೆಗಳ ಪೆಟ್ಟಿಗೆಯನ್ನು ಸಗಟು ಬೆಲೆಗೆ ಕೊಂಡು ತಂದು, ಒಂದೇ ಭಾನುವಾರದ ಅಪರಾಹ್ಣದಲ್ಲಿ ಅದರ ಕಾಲುಭಾಗವನ್ನು ಸುಟ್ಟು ಮುಗಿಸುವ ಚಿತ್ರಗಳನ್ನು ಮೊಬೈಲಿನ ಪರದೆಯ ಮೇಲೆ ಕಂಡ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತರುಣರು, ಅಜ್ಜನ ಕಾಲದಿಂದ ತಮ್ಮ ಮನೆಯಲ್ಲಿರುವ ಕೋವಿಯ ಕಡೆಗೆ ಒಮ್ಮೆ ದೃಷ್ಟಿ ಹಾಯಿಸಿ, ನಮಗೂ ಹೀಗೆ ಅಭ್ಯಾಸ ಮಾಡಲು ಅವಕಾಶವಿಲ್ಲವೇ ಎಂದು ಕೇಳುವುದುಂಟು. ಹಾಗೆ ಅವಕಾಶವಿಲ್ಲವೆಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಬಹುದಾದರೂ, ನಮ್ಮ ದೇಶದಲ್ಲಿ ತೋಟೆಯೆಂಬುದು ಸೇರಿನಿಂದ ಅಳೆಯುವ ವಸ್ತುವಾಗಿರದೆ ಒಂದೊಂದಾಗಿ ಎಣಿಸಿ ಬರೆದಿಡತಕ್ಕ ವಸ್ತುವಾಗಿರುವುದರಿಂದ, ಆ ಎಣಿಕೆಯ ನಿಯಮಗಳೇನು, ಅವುಗಳ ಎಲ್ಲೆಯೊಳಗೆ ನಿಂತು ಒಳ್ಳೆಯ ಲಕ್ಷ್ಯಸಾಧಕನಾಗುವ ದಾರಿ ಯಾವುದು ಎಂಬುದನ್ನು ಸ್ವಲ್ಪ ಸಾವಧಾನವಾಗಿ ತಿಳಿದುಕೊಳ್ಳುವುದು ಉಪಯುಕ್ತವಾದೀತು.

ಮೊದಲನೆಯದಾಗಿ, ನಮ್ಮ ಸೀಮೆಯಲ್ಲಿ ಕೋವಿಯೆಂದರೆ ಬಹುಮಟ್ಟಿಗೆ ಬೆಳೆರಕ್ಷಣೆಯ ಕೋವಿಯೇ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಗದ್ದೆಯನ್ನೂ ಗೆಣಸಿನ ಸಾಲನ್ನೂ ಉತ್ತುಹಾಕುವ ಕಾಡುಹಂದಿ, ಎಳೆಯ ಅಡಿಕೆಯನ್ನು ಕಿತ್ತು ಚೀಪಿ ಎಸೆಯುವ ಮಂಗ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೂ ಚಾರ್ಮಾಡಿಯ ಬುಡಕ್ಕೂ ತಾಗಿಕೊಂಡಿರುವ ಬೆಳ್ತಂಗಡಿಯ ಗ್ರಾಮಗಳಲ್ಲಿ ಬಾಳೆಯ ಬುಡವನ್ನು ಸೀಳುವ ಆನೆ ಇವುಗಳ ಕಾರಣದಿಂದ ತೋಟದ ಮನೆಗಳಲ್ಲಿ ಕೇಪಿನ ಕೋವಿಯೋ, ಒಂಟಿನಳಿಗೆ ಅಥವಾ ಜೋಡಿನಳಿಗೆಯ 12 ಬೋರಿನ ಕೋವಿಯೋ ಉಳಿದುಕೊಂಡು ಬಂದಿದೆ. ಪುಣೆಯ ಸಮೀಪದ ಖಡ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ತೋಟೆಯ ಹೆಸರನ್ನು ಇಲ್ಲಿಯ ಹಳೆಯ ಕೃಷಿಕರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಆದರೆ ಈ ಕೋವಿಯ ಪರವಾನಗಿಯು ಬೇಟೆಯ ಅನುಮತಿಯಲ್ಲವೆಂಬುದನ್ನೂ, 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪಟ್ಟಿಗಳಲ್ಲಿ ಸೇರಿರುವ ಪ್ರಾಣಿಯನ್ನು ಕೊಲ್ಲುವುದಕ್ಕೆ ಅರಣ್ಯಾಧಿಕಾರಿಗಳ ಪ್ರತ್ಯೇಕ ಅಪ್ಪಣೆ ಅವಶ್ಯವೆಂಬುದನ್ನೂ ಮರೆಯತಕ್ಕದ್ದಲ್ಲ. ಅಂತೆಯೇ, ಹಂದಿಯನ್ನು ಹೆದರಿಸಲೆಂದು ದೊರೆತ ಪರವಾನಗಿಯ ತೋಟೆಗಳನ್ನು ಕಾಗದದ ಗುರಿಯ ಮೇಲೆ ವ್ಯಯಿಸುವುದಕ್ಕೆ ಅದೇ ಪರವಾನಗಿ ಆಧಾರವಾಗುವುದೆಂದು ಊಹಿಸಿಕೊಳ್ಳುವುದೂ ಸಾಧುವಲ್ಲ. ಯಾವ ಉದ್ದೇಶಕ್ಕಾಗಿ ಆಯುಧವು ದತ್ತವಾಗಿದೆಯೋ ಆ ಉದ್ದೇಶವು ಪರವಾನಗಿಯಲ್ಲಿ ಬರೆದಿರುತ್ತದೆ, ಮತ್ತು ಆ ಬರಹಕ್ಕೆ ಬೆಲೆಯುಂಟು.

ಇನ್ನು ಕೈಯಲ್ಲಿ ಹಿಡಿಯುವ ಪಿಸ್ತೂಲು, ರಿವಾಲ್ವರುಗಳ ವಿಷಯ. ಇವು ನಮ್ಮಲ್ಲಿ ವಿರಳ. ಹಣದ ವ್ಯವಹಾರವುಳ್ಳ ವರ್ತಕರಲ್ಲಿ, ನಿವೃತ್ತ ಸೈನಿಕರಲ್ಲಿ ಒಂದೊಂದು ಇರಬಹುದು. ಸೈನ್ಯವೂ ಪೊಲೀಸರೂ ಬಳಸುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರಾದ್ದರಿಂದ, ಖಾಸಗಿಯವರ ಕೈಯಲ್ಲಿರುವುದು ಹೆಚ್ಚಾಗಿ .32 ಬೋರಿನದು. ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರು, ಪಿಸ್ತೂಲುಗಳು, 2014ರಲ್ಲಿ ಸ್ತ್ರೀಯರನ್ನು ಉದ್ದೇಶಿಸಿ ಹೊರತಂದ ‘ನಿರ್ಭೀಕ್’ ಸಹಿತ, ಈ ವರ್ಗಕ್ಕೆ ಸೇರಿದುವು. ಇಲ್ಲಿ ಕೊಳ್ಳುವವನು ಎಚ್ಚರದಿಂದಿರಬೇಕಾದ ಸಂಗತಿಯೊಂದುಂಟು. .32 ಪಿಸ್ತೂಲಿನ ತೋಟೆಯೂ .32 ರಿವಾಲ್ವರಿನ ತೋಟೆಯೂ ಅಂಕಿಯಲ್ಲಿ ಒಂದೇ ಆಗಿ ಕಂಡರೂ ಆಕಾರದಲ್ಲಿಯೂ ಉದ್ದದಲ್ಲಿಯೂ ಬೇರೆಬೇರೆಯಾಗಿದ್ದು, ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸುವಂತಿಲ್ಲ. ಆದಕಾರಣ ಅಂಗಡಿಯಲ್ಲಿ ‘ಮೂವತ್ತೆರಡರ ತೋಟೆ’ ಎಂದಷ್ಟೇ ಕೇಳದೆ, ಆಯುಧದ ಮೈಮೇಲೆ ಕೆತ್ತಿದ ಹೆಸರನ್ನೂ ಪೆಟ್ಟಿಗೆಯ ಮೇಲಿನ ಹೆಸರನ್ನೂ ಪರವಾನಗಿಯ ಬರಹವನ್ನೂ ಮೂರನ್ನೂ ಹೋಲಿಸಿ ನೋಡಿಯೇ ಹಣ ಕೊಡತಕ್ಕದ್ದು.

ಶಾಸನದ ಇತಿಹಾಸವನ್ನು ವಿಸ್ತರಿಸುವ ಇಚ್ಛೆ ನನಗಿಲ್ಲ. 1878ರಲ್ಲಿ ಲಾರ್ಡ್ ಲಿಟ್ಟನ್ನನ ಆಡಳಿತವು ಭಾರತೀಯರ ಕೈಯಿಂದ ಆಯುಧಗಳನ್ನು ಬಿಡಿಸುವುದಕ್ಕಾಗಿ ತಂದ ಕಾಯಿದೆಯ ಸ್ಥಾನದಲ್ಲಿ ಸ್ವತಂತ್ರ ಭಾರತವು 1959ರ ಆಯುಧ ಶಾಸನವನ್ನು ರಚಿಸಿ 1962ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಈಗ ನಡೆಯುತ್ತಿರುವ ನಿಯಮಾವಳಿ 2016ರದು. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು, ಮತ್ತು ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಈಡು ಹೊಡೆಯುವುದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಇರುವ ವಿನಾಯಿತಿಯನ್ನು ಉದಾಹರಿಸಿ, ಘಟ್ಟದ ಕೆಳಗಿನ ನಮಗೂ ಅದು ಏಕಿಲ್ಲವೆಂದು ವಾದಿಸುವವರು ಇದ್ದಾರೆ. ವಾದ ರುಚಿಕರವಾದದ್ದೇ, ಆದರೆ ಆ ವಿನಾಯಿತಿಯು ಸಂಪಾಜೆಯ ಘಾಟಿಯನ್ನು ಇಳಿದು ಬರುವುದಿಲ್ಲ.

ಮೂರು ತಾಲೂಕುಗಳ ಓದುಗರಿಗೆ ಒಂದು ವ್ಯಾವಹಾರಿಕ ಭೇದವನ್ನು ಮಾತ್ರ ಅವಶ್ಯ ಹೇಳಬೇಕು. ಬಂಟ್ವಾಳ, ಬೆಳ್ತಂಗಡಿಯವರಿಗೆ ಪರವಾನಗಿ ಕೊಡತಕ್ಕ ಅಧಿಕಾರಿ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿ. ಮೂಡುಬಿದಿರೆಯ ಠಾಣೆಯಾದರೋ ಮಂಗಳೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿರುವುದು. ಕಮಿಷನರ್ ನೇಮಕವಾಗಿರುವ ಪ್ರದೇಶದಲ್ಲಿ ಜಿಲ್ಲಾ ದಂಡಾಧಿಕಾರಿಯೆಂದರೆ ಪೊಲೀಸ್ ಕಮಿಷನರೇ ಎಂದು ಆಯುಧ ಶಾಸನದ ಎರಡನೆಯ ಕಲಮು ಅರ್ಥವಿವರಣೆಯಲ್ಲಿಯೇ ಹೇಳಿರುವುದರಿಂದ, ಮೂಡುಬಿದಿರೆಯವರ ಅರ್ಜಿ, ನವೀಕರಣ, ಠೇವಣಿಗಳೆಲ್ಲ ಆ ಕಚೇರಿಯ ಮೂಲಕ ನಡೆಯತಕ್ಕವು. ಸಿದ್ಧಕಟ್ಟೆಯ ಕಡೆಯ ಬಂಟ್ವಾಳದವನೂ ಅಲ್ಲಿಂದ ಕೆಲವೇ ಮೈಲಿ ದೂರದ ಮೂಡುಬಿದಿರೆಯವನೂ ಒಂದೇ ಬಸ್ಸಿನಲ್ಲಿ ಮಂಗಳೂರಿಗೆ ಹೋದರೂ ಇಳಿದ ಮೇಲೆ ಬೇರೆಬೇರೆ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಇದನ್ನರಿಯದೆ ಅಲೆದಾಡಿ ದಿನ ಕಳೆದುಕೊಳ್ಳುವವರು ಈಗಲೂ ಇದ್ದಾರೆ.

ಅರ್ಜಿದಾರನಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. 2016ರ ನಿಯಮಗಳ ಪ್ರಕಾರ ಆಯುಧವನ್ನೂ ತೋಟೆಯನ್ನೂ ಸುರಕ್ಷಿತವಾಗಿ ನಿರ್ವಹಿಸುವ ತರಬೇತಿಯನ್ನು ಪಡೆದ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ ಇವು ಅವಶ್ಯ. ಪರವಾನಗಿ ದೊರೆತವನ ಹೆಸರು ರಾಷ್ಟ್ರೀಯ ದಾಖಲೆಯಲ್ಲಿ ಸೇರಿ ಒಂದು ಗುರುತಿನ ಸಂಖ್ಯೆ ಬರುತ್ತದೆ. ಆ ಸಂಖ್ಯೆಯಿಲ್ಲದ ಹಳೆಯ ಪರವಾನಗಿ ಪುಸ್ತಕಗಳು ಇಂದು ಸಿಂಧುವಲ್ಲ. ಅಜ್ಜನ ಹೆಸರಿನ ಹರಿದ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿರುವುದೇ ಸಾಕೆಂದು ನಂಬಿರುವ ಮನೆಗಳು ಇದನ್ನು ಗಮನಿಸತಕ್ಕದ್ದು.

ಈಗ ತೋಟೆಯ ಎಣಿಕೆಗೆ ಬರೋಣ. ಪ್ರತಿಯೊಂದು ಪರವಾನಗಿಯಲ್ಲಿಯೂ ಎರಡು ಅಂಕಿಗಳಿರುತ್ತವೆ: ಒಂದು, ಯಾವುದೇ ಒಂದು ಕಾಲದಲ್ಲಿ ಕೈವಶ ಇರಬಹುದಾದ ತೋಟೆಗಳೆಷ್ಟು; ಮತ್ತೊಂದು, ಇಡೀ ವರ್ಷದಲ್ಲಿ ಕೊಳ್ಳಬಹುದಾದುವು ಎಷ್ಟು. ಮಾರಾಟಗಾರನು ಪರವಾನಗಿಯಲ್ಲಿ ಹೆಸರಿಸಿದ ಬೋರಿನ ತೋಟೆಯನ್ನಷ್ಟೇ ಕೊಟ್ಟು, ಕೊಟ್ಟದ್ದನ್ನು ಪರವಾನಗಿಯಲ್ಲಿಯೂ ತನ್ನ ದಫ್ತರದಲ್ಲಿಯೂ ನಮೂದಿಸುತ್ತಾನೆ. ಒಬ್ಬನ ಪುಸ್ತಕದಲ್ಲಿ ವರ್ಷಕ್ಕೆ 200 ಎಂದು ಬರೆದಿದೆಯೆಂದು ಇಟ್ಟುಕೊಳ್ಳೋಣ. ಪಿಸ್ತೂಲು ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ 60 ಈಡುಗಳು. ಅಂದಮೇಲೆ ಮೂರು ಸಂಪೂರ್ಣ ಸರದಿ ಮುಗಿಯುವುದರೊಳಗೆ 180 ಹೋಗಿ, ಪೀಠಿಕೆಯ ಈಡುಗಳನ್ನು ಲೆಕ್ಕಕ್ಕೆ ಹಿಡಿದರೆ ವರ್ಷದ ಪಾಲು ಬಹುಮಟ್ಟಿಗೆ ತೀರಿತು. ವಾರಕ್ಕೆರಡು ಸರದಿಯಂತೆ ಅಭ್ಯಾಸ ಮಾಡುವ ಗಂಭೀರ ಸ್ಪರ್ಧಾಳುವಿಗಾದರೋ ವರ್ಷಕ್ಕೆ ಆರು ಸಾವಿರ ಬೇಕು. ಇವೆರಡು ಸಂಖ್ಯೆಗಳ ನಡುವಣ ಅಂತರವೇ ನಮ್ಮ ವಿಷಯದ ತಿರುಳು; ಆತ್ಮರಕ್ಷಣೆಗೆಂದು ಪಡೆದ ರಿವಾಲ್ವರಿನಿಂದ ಯಾರೂ ಕ್ರೀಡಾಪಟುವಾಗಲಾರರು, ಕ್ರೀಡೆಗೆ ಕ್ರೀಡೆಯದೇ ದಾರಿಯಿದೆ.

ಆ ದಾರಿಯು ರೈಫಲ್ ಸಂಘಗಳ ಮೂಲಕ ಸಾಗುವಂಥದು. ಲೋಕಸಭೆಯ ಪ್ರಥಮ ಸ್ಪೀಕರ್ ಆಗಿದ್ದ ಜಿ.ವಿ. ಮಾವಳಂಕರರು ಅಧ್ಯಕ್ಷರಾಗಿ 1951ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಘ, ಅದರ ಅಂಗವಾಗಿ ಕರ್ನಾಟಕ ರಾಜ್ಯ ರೈಫಲ್ ಸಂಘ, ಅದರೊಡನೆ ಸೇರಿದ ಕ್ಲಬ್ಬುಗಳು ಹೀಗೆ ಮೆಟ್ಟಲುಗಳಿವೆ. ಮಾವಳಂಕರರ ಹೆಸರಿನಲ್ಲಿಯೇ ನಡೆಯುವ ಅಖಿಲ ಭಾರತ ಸ್ಪರ್ಧೆಯು ರಾಷ್ಟ್ರೀಯ ಸ್ಪರ್ಧೆಗೆ ಹೆಬ್ಬಾಗಿಲಿನಂತಿದೆ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಗಳಿಸಿದ ಅಂಕಗಳ ಮೇಲೆ ‘ಪ್ರಖ್ಯಾತ ಶೂಟರ್’ ಮೊದಲಾದ ಪದವಿಗಳು ದೊರೆತಂತೆ ಆಯುಧಗಳ ಸಂಖ್ಯೆಯಲ್ಲಿಯೂ ತೋಟೆಗಳ ಸಂಖ್ಯೆಯಲ್ಲಿಯೂ ಶಾಸನವು ಔದಾರ್ಯ ತೋರುತ್ತದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಮಂತ್ರಾಲಯವು ಶೂಟರುಗಳ ಅಭ್ಯಾಸಕ್ಕೆಂದು ಗೊತ್ತುಪಡಿಸಿದ್ದ .22 ತೋಟೆಗಳ ಪ್ರಮಾಣವನ್ನು 1000ದಿಂದ 5000ಕ್ಕೂ, ಇತರ ಪಿಸ್ತೂಲು ರಿವಾಲ್ವರುಗಳದನ್ನು 600ರಿಂದ 2000ಕ್ಕೂ ಏರಿಸಿತು. ಸಗಟು ಎಂಬ ಮಾತಿಗೆ ನಮ್ಮ ದೇಶದಲ್ಲಿ ಅರ್ಥವೇನಾದರೂ ಇದ್ದರೆ ಅದು ಇಲ್ಲಿಯೇ. ಹನ್ನೆರಡು ವರ್ಷ ದಾಟಿದ ಬಾಲಕ ಬಾಲಕಿಯರಿಗೂ ಕಿರಿಯ ಲಕ್ಷ್ಯಾಭ್ಯಾಸಿಗಳೆಂದು, ಬಲ್ಲವರ ಮೇಲ್ವಿಚಾರಣೆಯಲ್ಲಿ, ಪ್ರವೇಶವುಂಟು. ಮೂಡುಬಿದಿರೆಯಂತಹ ವಿದ್ಯಾಕೇಂದ್ರದಲ್ಲಿ ಓದುವ ಮಕ್ಕಳಿಗೆ ಎನ್.ಸಿ.ಸಿ.ಯ .22 ರೈಫಲ್ಲೇ ಪ್ರಾಯಶಃ ಮೊದಲನೆಯ ಪರಿಚಯವಾದೀತು, ಅದನ್ನು ಕಡೆಗಣಿಸಬಾರದು.

ಅಹಿಂಸೆಯನ್ನೇ ಪರಮಧರ್ಮವೆಂದು ಸಾರಿದ ಸಾವಿರ ಕಂಬದ ಬಸದಿಯ ಊರಿನಲ್ಲಿ ಪಿಸ್ತೂಲಿನ ಮಾತೇಕೆಂದು ಹುಬ್ಬೇರಿಸುವವರಿಗೆ, ಈ ಕ್ರೀಡೆಯಲ್ಲಿ ಗಾಯಗೊಳ್ಳುವುದು ಕಾಗದವೊಂದೇ ಎಂದು ಸಮಾಧಾನ ಹೇಳಬಹುದು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ರಜತ ಪದಕ ಗಳಿಸಿ, 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. ಅವರು 2023ರಲ್ಲಿ ಬಾಕುವಿನ ವಿಶ್ವಕಪ್ಪಿನ ಮಿಶ್ರ ತಂಡ ಸ್ಪರ್ಧೆಯಲ್ಲಿ ಸರಬ್ಜೋತ್ ಸಿಂಗರೊಡನೆ ಸ್ವರ್ಣವನ್ನೂ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ರಜತವನ್ನೂ ಪಡೆದರು. ಈ ಪದಕಗಳೆಲ್ಲ ಬಂದದ್ದು ಮದ್ದಿನ ತೋಟೆಯಿಲ್ಲದ, ಗಾಳಿಯ ಒತ್ತಡದಿಂದ ಸೀಸದ ಚೂರನ್ನು ಎಸೆಯುವ ಪಿಸ್ತೂಲಿನಿಂದ ಎಂಬುದನ್ನು ಓದುಗರು ವಿಶೇಷವಾಗಿ ಲಕ್ಷಿಸಬೇಕೆಂದು ನನ್ನ ಬಿನ್ನಹ.

ಏಕೆಂದರೆ ನಮ್ಮ ಮೂರು ತಾಲೂಕುಗಳ ಅಭ್ಯಾಸಿಗೆ ನಿಜವಾದ ಪರಿಹಾರವೂ ಅದರಲ್ಲಿಯೇ ಇದೆ. ಬೋರು 4.5 ಮಿ.ಮೀ.ಯನ್ನೂ ನಳಿಗೆಯ ಬಾಯಿಯಲ್ಲಿನ ಶಕ್ತಿ 20 ಜೂಲನ್ನೂ ಮೀರದ ಗಾಳಿಯ ಆಯುಧಕ್ಕೆ ಪರವಾನಗಿ ಬೇಡ. ಗುರುತಿನ ಮತ್ತು ವಿಳಾಸದ ದಾಖಲೆಯನ್ನು ಮಾರಾಟಗಾರನಿಗೆ ತೋರಿಸಿ ಕೊಳ್ಳಬಹುದು. ಅದರ ಸೀಸದ ಚೂರುಗಳು, ಪೆಲೆಟ್ ಎಂದು ಎಲ್ಲರೂ ಕರೆಯುವಂಥವು, ಐನೂರರ ಡಬ್ಬಿಗಳಲ್ಲಿ ಬರುತ್ತವೆ. ಹತ್ತು ಡಬ್ಬಿ ತಂದಿಟ್ಟರೂ ಯಾವ ಪುಸ್ತಕದಲ್ಲಿಯೂ ಬರೆಸಬೇಕಾಗಿಲ್ಲ. ಸ್ಪರ್ಧೆಗೆ ಬಳಸುವುದು ಚಪ್ಪಟೆ ತಲೆಯ, ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್. ಮೊನೆಯುಳ್ಳದ್ದು ಕಾಗದವನ್ನು ಹರಿದುಬಿಡುವುದರಿಂದ ಅಂಕ ಎಣಿಸಲು ಬರುವುದಿಲ್ಲ, ಚಪ್ಪಟೆಯದು ದುಂಡಾದ ಸ್ವಚ್ಛ ರಂಧ್ರವನ್ನು ಕೊರೆಯುತ್ತದೆ. ಗುರಿಯ ಕಾಗದ 17 ಸೆಂಟಿಮೀಟರಿನ ಚೌಕ, ನಡುವಿನ ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ., ಹತ್ತು ಅಂಕದ ಉಂಗುರದ ವ್ಯಾಸ ಕೇವಲ 11.5 ಮಿ.ಮೀ.; ಅದರ ಮಧ್ಯಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರತಕ್ಕದ್ದು.

ಹತ್ತು ಮೀಟರ್ ಎಂಬ ದೂರವು ನಮ್ಮ ಸೀಮೆಯ ಮನೆಗಳಿಗೆಂದೇ ಗೊತ್ತುಮಾಡಿದಂತಿದೆ. ಅಡಿಕೆ ಒಣಗಿಸುವ ಅಂಗಳವು ಇದಕ್ಕಿಂತ ಎಷ್ಟೋ ಉದ್ದವಿರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಗಳವು ಮಳೆಯ ಪಾಲಾದಾಗ ಹಳೆಯ ಮನೆಗಳ ಉದ್ದನೆಯ ಚಾವಡಿಯೋ, ಅಡಿಕೆ ಚೀಲ ಇಡುವ ಉಗ್ರಾಣವೋ ಆಗುತ್ತದೆ. ಗುರಿಯ ಹಿಂದೆ ಇಳಿಜಾರಾದ ಉಕ್ಕಿನ ಫಲಕವುಳ್ಳ ಪೆಲೆಟ್ ಪೆಟ್ಟಿಗೆಯನ್ನಾಗಲಿ, ಒತ್ತೊತ್ತಾಗಿ ಹಳೆಯ ಬಟ್ಟೆ ತುಂಬಿದ ಗಟ್ಟಿ ಪೆಟ್ಟಿಗೆಯನ್ನಾಗಲಿ ಇಟ್ಟು, ಅದರ ಹಿಂದೆ ಬಾಗಿಲು ಕಿಟಕಿಗಳಿಲ್ಲದ ಕೆಂಪುಕಲ್ಲಿನ ಗೋಡೆಯಿರುವಂತೆ ನೋಡಿಕೊಳ್ಳಬೇಕು. ಗುರಿಯ ಕಡೆಯಿಂದ ಮನೆಯೊಳಕ್ಕೆ ಬರುವ ದಾರಿಯೊಂದಿದ್ದರೆ ಅದಕ್ಕೆ ಚಿಲಕ ಹಾಕಿದ ಹೊರತು ಮೊದಲನೆಯ ಈಡು ಹೊಡೆಯತಕ್ಕದ್ದಲ್ಲ. ಕಣ್ಣು ಹಿಂಭಾಗದ ಗುರಿಕಂಡಿಯ ಮೂಲಕ ಮುಂಭಾಗದ ಗುರಿಮೊನೆಯ ಮೇಲೆ ನೆಲೆಸಿ, ದೂರದ ಕಪ್ಪು ವೃತ್ತವು ಮಸುಕಾಗಿಯೇ ಕಾಣುತ್ತಿರಲಿ. ಉಸಿರು ಅರ್ಧ ಬಿಟ್ಟು ನಿಂತ ಗಳಿಗೆಯಲ್ಲಿ, ತೋರುಬೆರಳೊಂದೇ ಚಲಿಸುವಂತೆ, ಪಿಸ್ತೂಲಿನ ಕುದುರೆಯನ್ನು (ಟ್ರಿಗರನ್ನು) ನೇರವಾಗಿ ಹಿಂದಕ್ಕೆ ಒತ್ತಬೇಕು. ಹೊಸಬರ ಈಡುಗಳೆಲ್ಲ ಕೆಳಕ್ಕೂ ಎಡಕ್ಕೂ ಬೀಳುವುದು ಆಯುಧದ ದೋಷದಿಂದಲ್ಲ, ಶಬ್ದಕ್ಕೆ ಮುಂಚೆಯೇ ಮಣಿಕಟ್ಟು ಹೆದರಿ ಬಾಗುವುದರಿಂದ. ಬಲಗೈಯವರ ವಿಷಯದಲ್ಲಿ ಇದು ಬಹುತೇಕ ನಿಯಮವೇ ಆಗಿದೆ. ಈ ಭಯವನ್ನು ಕಳೆಯುವುದಕ್ಕೆ ಪೆಲೆಟ್ ಕೂಡ ಇಲ್ಲದೆ, ಬರಿಯ ಕುದುರೆ ಒತ್ತುವ ‘ಒಣ ಅಭ್ಯಾಸ’ವನ್ನು ದಿನವೂ ಕಾಲುಗಂಟೆ ಬಿಳಿಯ ಗೋಡೆಯ ಮುಂದೆ ಮಾಡುವುದು ಸಾವಿರ ತೋಟೆಗಳಿಗಿಂತ ಮೇಲೆಂದು ನನ್ನ ದೃಢವಾದ ಅಭಿಪ್ರಾಯ. ಆದರೆ .22 ಪಿಸ್ತೂಲಿನ ಕುದುರೆಯನ್ನು, ಒಳಗೆ ತೋಟೆಯಿಲ್ಲದಿರುವಾಗ ಹಾಗೆ ಒತ್ತಬಾರದು: ಸುತ್ತಂಚಿನಲ್ಲಿ ಮದ್ದುಳ್ಳ ತೋಟೆಯ ಆಯುಧದಲ್ಲಿ ಸೂಜಿಯು ನಳಿಗೆಯ ಅಂಚಿಗೇ ಬಡಿದು ಕೆಡುವ ಸಂಭವವಿದೆ, ಅದಕ್ಕೆಂದೇ ದೊರೆಯುವ ಹುಸಿ ತೋಟೆಯನ್ನು ಬಳಸಬೇಕು.

ಮದ್ದಿನ ತೋಟೆಯನ್ನು ಮಾತ್ರ ಮಾನ್ಯತೆ ಪಡೆದ ಶೂಟಿಂಗ್ ರೇಂಜಿನಲ್ಲಲ್ಲದೆ ಬೇರೆಲ್ಲಿಯೂ ಗುರಿಗೆ ಹೊಡೆಯತಕ್ಕದ್ದಲ್ಲ. ಘಟ್ಟದ ಮೇಲಿನಂತೆ ಊರು ಒಂದೆಡೆ, ಹೊಲ ಒಂದೆಡೆ ಎಂಬ ವಿಭಾಗ ನಮ್ಮಲ್ಲಿಲ್ಲ. ಒಂದೊಂದು ತೋಟದೊಳಗೆ ಒಂದೊಂದು ಮನೆಯಿದ್ದು, ಯಾವ ದಿಕ್ಕಿಗೆ ನಳಿಗೆಯನ್ನು ತಿರುಗಿಸಿದರೂ ಮರಗಳ ಮರೆಯಲ್ಲಿ ಯಾರದಾದರೊಂದು ಅಂಗಳವಿದ್ದೇ ಇರುತ್ತದೆ. ಅತಿ ಕ್ಷುದ್ರವೆಂದು ಭಾವಿಸುವ .22ರ ಗುಂಡು, 40 ಗ್ರೇನ್ ಎಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚಿನ ಸೀಸ, ತಡೆಯಿಲ್ಲದಿದ್ದರೆ ಒಂದು ಮೈಲಿಗೂ ಆಚೆ ಹೋಗಬಲ್ಲದು. ಮುರಕಲ್ಲಿಗೆ ತಾಗಿ ಚಿಮ್ಮಿದರೆ ಅದರ ದಿಕ್ಕನ್ನು ಹೇಳಬಲ್ಲವರಿಲ್ಲ.

ರೇಂಜಿನಲ್ಲಿ ಬಳಸುವ .22 ತೋಟೆಗಳನ್ನು ಕೊಳ್ಳುವಾಗ ಅನುಭವಿಗಳು ಪಾಲಿಸುವ ಕ್ರಮವೊಂದನ್ನು ಇಲ್ಲಿ ಹೇಳಬೇಕು, ಏಕೆಂದರೆ ಒಟ್ಟಾಗಿ ಕೊಳ್ಳುವುದಕ್ಕೆ ಬೆಲೆಯ ಲಾಭಕ್ಕಿಂತ ದೊಡ್ಡದಾದ ಕಾರಣ ಅದರಲ್ಲಿದೆ. ಜರ್ಮನಿಯ ಆರ್‌ಡಬ್ಲ್ಯುಎಸ್ ಆಗಲಿ, ಇಂಗ್ಲೆಂಡಿನ ಈಲಿ ಆಗಲಿ, ಒಂದೇ ಹೆಸರಿನ ತೋಟೆಗಳು ಬೇರೆಬೇರೆ ತಯಾರಿಕಾ ತಂಡಗಳಲ್ಲಿ ಕೂದಲೆಳೆಯಷ್ಟು ಭಿನ್ನವಾಗಿರುತ್ತವೆ. ಒಂದು ತಂಡವು ಒಂದು ನಳಿಗೆಗೆ ಒಗ್ಗಿದರೆ ಮತ್ತೊಂದಕ್ಕೆ ಒಗ್ಗದು. ಆದ್ದರಿಂದ ಹಲವು ತಂಡಗಳ ಒಂದೊಂದು ಪೆಟ್ಟಿಗೆ ತಂದು, ಆಯುಧವನ್ನು ಆಸರೆಯ ಮೇಲಿಟ್ಟು ಹತ್ತುಹತ್ತು ಈಡು ಹೊಡೆದು, ಎಲ್ಲಕ್ಕಿಂತ ಒತ್ತಾಗಿ ಬಿದ್ದ ತಂಡದ ಅಂಕಿಯನ್ನು ಬರೆದುಕೊಂಡು, ಅದೇ ಅಂಕಿಯ ತೋಟೆಗಳನ್ನು ಪರವಾನಗಿಯ ಮಿತಿಯೊಳಗೆ ಒಟ್ಟಿಗೆ ಕೊಳ್ಳುವುದು ರೂಢಿ. ಶಬ್ದದ ವೇಗಕ್ಕಿಂತ ತುಸು ಕಡಮೆ ವೇಗದ ‘ಸ್ಟ್ಯಾಂಡರ್ಡ್’ ಜಾತಿಯೇ ಗುರಿಗೆ ಉತ್ತಮ. ಶಬ್ದದ ವೇಗವನ್ನು ದಾಟಿ ಮತ್ತೆ ಅದರ ಕೆಳಗಿಳಿಯುವ ಗುಂಡು ದಾರಿಯಲ್ಲಿ ನಡುಗುತ್ತದೆ. ಪಿಸ್ತೂಲಿನ ಹೊಸಬರು ಇಪ್ಪತ್ತೈದು ಮೀಟರಿನಲ್ಲಿ ಈ ಸೂಕ್ಷ್ಮವನ್ನು ಕಾಣಲಾರರು. ಅವರಿಗೆ ಯಾವುದಾದರೂ ಸಾಕು, ಕೈ ಸ್ಥಿರವಾಗಲಿ.

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ನಾಡಿನಲ್ಲಿ ತೋಟೆಗಳ ರಕ್ಷಣೆಯೇ ಒಂದು ವಿದ್ಯೆ. ಹಿಂದಿನ ಕಾಗದದ ಮೈಯ 12 ಬೋರಿನ ತೋಟೆಗಳು ಆಟಿ ತಿಂಗಳಲ್ಲಿ ಉಬ್ಬಿ ನಳಿಗೆಯೊಳಗೆ ಇಳಿಯದೆ ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಈಗಿನ ಪ್ಲಾಸ್ಟಿಕ್ಕಿನ, ಹಿತ್ತಾಳೆಯ ತೋಟೆಗಳಿಗೆ ಆ ಬಾಧೆಯಿಲ್ಲವಾದರೂ ಹಿತ್ತಾಳೆ ಹಸುರುಗಟ್ಟುತ್ತದೆ, ಮದ್ದು ತೇವವನ್ನು ಹೀರುತ್ತದೆ. ಅವುಗಳನ್ನು ತಂಡದ ಅಂಕಿ ಅಚ್ಚಾಗಿರುವ ಮೂಲ ಪೆಟ್ಟಿಗೆಯಲ್ಲಿಯೇ ಉಳಿಸಿ, ರಬ್ಬರಿನ ಅಂಚುಳ್ಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಚೀಲದೊಡನೆ ಮುಚ್ಚಿ, ಕೋವಿಯಿಂದ ಪ್ರತ್ಯೇಕವಾದ ಬೀಗದ ಕಪಾಟಿನಲ್ಲಿ ಇಡಬೇಕು. ತುಕ್ಕು ಹಿಡಿಯದಿರಲೆಂದು ತೋಟೆಗೆ ಎಣ್ಣೆ ಸವರುವವರುಂಟು. ಅದು ತಪ್ಪು, ಎಣ್ಣೆಯು ಕೇಪಿನೊಳಗೆ ಇಳಿದು ಮದ್ದನ್ನು ಸತ್ತುಹೋಗುವಂತೆ ಮಾಡುತ್ತದೆ. ಒಲೆಯ ಮೇಲಿನ ಅಟ್ಟವೂ, ಬಿಸಿಲಲ್ಲಿ ನಿಂತ ಕಾರೂ ಯೋಗ್ಯ ಸ್ಥಳಗಳಲ್ಲ. ನೇತ್ರಾವತಿಯ ದಡದಲ್ಲಿ, ಬಂಟ್ವಾಳದ ಕೆಳಪೇಟೆ ಪಾಣೆಮಂಗಳೂರುಗಳಲ್ಲಿ ಮನೆಯುಳ್ಳವರಾದರೋ 1923ರ, 1974ರ ನೆರೆಗಳ ಕಥೆಯನ್ನು ಕೇಳಿಯೇ ಬೆಳೆದವರಾದ್ದರಿಂದ, ಕಪಾಟನ್ನು ನೆಲಮಾಳಿಗೆಯಲ್ಲಿ ಇಡಬೇಡಿರೆಂದು ಅವರಿಗೆ ಹೇಳಬೇಕಾಗಿಲ್ಲ.

ರೇಂಜಿನ ಶಿಸ್ತನ್ನು ಶಿಕ್ಷಕರೇ ಕಲಿಸುವರಾದರೂ ಎರಡು ಮಾತುಗಳನ್ನು ಮುಂಚಿತವಾಗಿ ತಿಳಿದು ಹೋಗುವುದು ಒಳ್ಳೆಯದು. ಕುದುರೆ ಒತ್ತಿದರೂ ತೋಟೆ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾದು, ಆಮೇಲೆ ಶಿಕ್ಷಕರ ಸಮಕ್ಷಮದಲ್ಲಿ ತೆಗೆಯಬೇಕು, ಏಕೆಂದರೆ ಕೆಲವು ತೋಟೆಗಳು ತಡವಾಗಿ ಸಿಡಿಯುತ್ತವೆ. ಎಂದಿನಂತೆ ಶಬ್ದ ಬಾರದೆ ‘ಪುಸ್ಸ್’ ಎಂದು ಕೇಳಿಸಿದರೆ ಗುಂಡು ನಳಿಗೆಯೊಳಗೇ ಸಿಕ್ಕಿರಬಹುದು; ಮುಂದಿನ ಈಡು ಹೊಡೆದವನ ಕೈಗೆ ನಳಿಗೆ ಒಡೆದು ಬರುವ ಅಪಾಯವಿದೆ, ಆದಕಾರಣ ಅಲ್ಲಿಯೇ ನಿಲ್ಲಿಸತಕ್ಕದ್ದು. ಕಿವಿಗೆ ಮುಚ್ಚಳವೂ ಕಣ್ಣಿಗೆ ಕನ್ನಡಕವೂ ಅಲಂಕಾರಕ್ಕಲ್ಲ. ಸೀಸವು ವಿಷವಾದ್ದರಿಂದ, ಪೆಲೆಟ್ ಮುಟ್ಟಿದ ಕೈಯಿಂದ ವೀಳ್ಯ ಮಡಿಚಿ ಬಾಯಿಗಿಡುವ ನಮ್ಮ ಸೀಮೆಯ ಅಭ್ಯಾಸವನ್ನು ಅಂದಿಗಾದರೂ ಬಿಟ್ಟು, ಸಾಬೂನಿನಿಂದ ಕೈ ತೊಳೆದ ಮೇಲೆಯೇ ಎಲೆಯ ಚೀಲವನ್ನು ಬಿಚ್ಚಬೇಕು. ಮರಳುವಾಗ ಚೀಲದ ಜೇಬುಗಳನ್ನೆಲ್ಲ ಕೊಡವಿ ನೋಡುವುದನ್ನು ಎಂದಿಗೂ ಮರೆಯಬಾರದು; ಮರೆತ ಒಂದು ತೋಟೆ ಕೆಲವು ತಿಂಗಳ ಮೇಲೆ ವಿಮಾನ ನಿಲ್ದಾಣದ ಯಂತ್ರದಲ್ಲಿ ಕಾಣಿಸಿಕೊಂಡರೆ, ಅದು ಅರಿವಿಲ್ಲದೆ ಉಳಿದದ್ದೆಂದು ಸಾಬೀತುಪಡಿಸಲು ನ್ಯಾಯಾಲಯದವರೆಗೆ ನಡೆಯಬೇಕಾದೀತು.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠೇವಣಿ ಇಡಬೇಕಾಗುವುದು ನಮ್ಮ ಕೃಷಿಕರ ಹಳೆಯ ದೂರು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಿತವಾಗಿ, ಇಲ್ಲಿ ಏಪ್ರಿಲ್ 26ರಂದು ಮತದಾನ ನಡೆದು, ಎಣಿಕೆಯು ಜೂನ್ 4ರಂದು ಆಯಿತು. ಹಂದಿಗೂ ಮಂಗಕ್ಕೂ ನೀತಿಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಇಷ್ಟು ದೀರ್ಘಕಾಲ ಕೋವಿಯಿಲ್ಲದಿರುವ ಕಷ್ಟ ಸಣ್ಣದಲ್ಲ. ಚುನಾವಣಾ ಆಯೋಗದ ಸೂಚನೆಯಂತೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ಪರಿಶೀಲನಾ ಸಮಿತಿಯೊಂದು ಪರವಾನಗಿದಾರರನ್ನು ಕುರಿತು ವಿಚಾರಮಾಡಿ, ಯಾರ ಆಯುಧವನ್ನು ಠೇವಣಿ ಇರಿಸಿಕೊಳ್ಳಬೇಕೆಂಬುದನ್ನು ನಿರ್ಣಯಿಸತಕ್ಕದ್ದು. ಬೆಳೆಹಾನಿಯ ನೈಜ ಭಯವುಳ್ಳವನು ಅರಣ್ಯ ಅಥವಾ ಕಂದಾಯ ಇಲಾಖೆಗೆ ಹಿಂದೆ ಕೊಟ್ಟ ಹಾನಿಯ ಅರ್ಜಿಗಳ ಪ್ರತಿಗಳೊಡನೆ ಮೊದಲೇ ಲಿಖಿತ ವಿನಂತಿ ಸಲ್ಲಿಸುವುದು ಯುಕ್ತ. ರಾಷ್ಟ್ರೀಯ ರೈಫಲ್ ಸಂಘದ ಸದಸ್ಯರಾಗಿ ಸ್ಪರ್ಧೆಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳಿಗೆ ಈ ಠೇವಣಿಯಿಂದ ವಿನಾಯಿತಿಯಿದೆ; ಸದಸ್ಯತ್ವದ ಚೀಟಿಯನ್ನೂ ಸ್ಪರ್ಧೆಯ ದಾಖಲೆಗಳನ್ನೂ ಠಾಣೆಗೆ ಒಯ್ಯಬೇಕು. ಠೇವಣಿ ಇಡಲೇಬೇಕಾಗಿ ಬಂದರೆ ರಸೀದಿಯಲ್ಲಿ ಕೋವಿಯ ಸಂಖ್ಯೆಯಷ್ಟೇ ಅಲ್ಲದೆ ಅದರ ಆಗಿನ ಸ್ಥಿತಿಯನ್ನೂ, ತೋಟೆಗಳನ್ನೂ ಒಪ್ಪಿಸಿದ್ದರೆ ಅವುಗಳ ಎಣಿಕೆಯನ್ನೂ ಬರೆಸಿಕೊಳ್ಳತಕ್ಕದ್ದು. ಕೊಡುವ ಮುನ್ನ ನಳಿಗೆಗೆ ತೆಳುವಾಗಿ ಎಣ್ಣೆ ಸವರಿಟ್ಟರೆ ಒಳ್ಳೆಯದು, ಏಕೆಂದರೆ ಎಲ್ಲ ಉಗ್ರಾಣಗಳೂ ಒಣಗಿರುವುದಿಲ್ಲ.

ಕೊನೆಯದಾಗಿ ಹಳೆಯ ತೋಟೆಗಳ ಪ್ರಶ್ನೆ. ಹಿರಿಯರು ತೀರಿಕೊಂಡ ಮೇಲೆ ಮರದ ಪೆಟ್ಟಿಗೆಯ ತಳದಲ್ಲಿ ಹಸುರುಗಟ್ಟಿದ ಹತ್ತಿಪ್ಪತ್ತು ತೋಟೆಗಳು ದೊರೆಯುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಪರವಾನಗಿದಾರನು ಗತಿಸಿದೊಡನೆ ಅವುಗಳನ್ನು ಇಟ್ಟುಕೊಳ್ಳುವ ಅಧಿಕಾರವೂ ಗತಿಸುವುದರಿಂದ, ಅವುಗಳನ್ನು ಬಾವಿಗೆಸೆಯುವುದೂ, ಗುಂಡಿ ತೋಡಿ ಹೂಳುವುದೂ, ಸಿಡಿಯುವುವೋ ಎಂದು ಪರೀಕ್ಷಿಸುವುದೂ ಮೂರೂ ಅನುಚಿತ. ಕೋವಿಯೊಡನೆ ಅವುಗಳನ್ನೂ ಸಮೀಪದ ಠಾಣೆಗೋ ಪರವಾನಗಿಯುಳ್ಳ ಆಯುಧ ವ್ಯಾಪಾರಿಗೋ ವಿಳಂಬವಿಲ್ಲದೆ ಒಪ್ಪಿಸಿ, ಎಣಿಕೆಯುಳ್ಳ ಸ್ವೀಕೃತಿಪತ್ರವನ್ನು ಪಡೆದು, ಕೋವಿಯನ್ನು ಮುಂದುವರಿಸಿಕೊಳ್ಳುವ ಇಚ್ಛೆಯುಳ್ಳ ವಾರಸುದಾರನು ಮರಣಪತ್ರದ ಪ್ರತಿ, ಉಳಿದ ವಾರಸುದಾರರ ಒಪ್ಪಿಗೆ ಇವುಗಳೊಡನೆ ತನ್ನ ಹೆಸರಿನಲ್ಲಿ ಹೊಸ ಅರ್ಜಿ ಕೊಡಬೇಕು. ಬೆಳ್ತಂಗಡಿ, ಬಂಟ್ವಾಳದವರು ಜಿಲ್ಲಾಧಿಕಾರಿಗಳಿಗೆ, ಮೂಡುಬಿದಿರೆಯವರು ಕಮಿಷನರಿಗೆ.